ಅದಿರು ಹೋಯ್ತು, ಬೇಲೆಕೇರಿಗೆ ಉಳಿದದ್ದೇನು? ಕೇಣಿ ಬಂದರಿನ ಲೆಕ್ಕ ಹಾಕೋ ಮುಂಚೆ ಪಕ್ಕದೂರಿನ ಲೆಕ್ಕ

ಅಂಕೋಲಾ: ಕೇಣಿಯಲ್ಲಿ ದೊಡ್ಡ ಬಂದರು ಬೇಕೋ ಬೇಡವೋ ಅನ್ನೋ ಮಾತು ತಾಲೂಕಿನ ಚಹಾದಂಗಡಿ, ಮೀನು ಮಾರ್ಕೆಟ್, ಬಸ್‌ಸ್ಟ್ಯಾಂಡ್ ಎಲ್ಲ ಕಡೆ ನಡೀತಾ ಇದೆ. ಬೇಡ ಅನ್ನೋರು ಕಡಲು ಹೋಗ್ತದೆ ಅಂತಾರೆ. ಬೇಕು ಅನ್ನೋರು ಎಷ್ಟು ವರ್ಷ ಅಂತ ಹುಡುಗರು ಗೋವಾ ಬಸ್ ಹತ್ತೋದು ಅಂತಾರೆ. ಇಬ್ಬರೂ ಮುಂದೆ ಆಗೋದರ ಬಗ್ಗೆ ಮಾತಾಡ್ತಾರೆ. ಆದರೆ ಇದೇ ತಾಲೂಕಿನಲ್ಲಿ, ಕೇಣಿಯಿಂದ ಸ್ವಲ್ಪ ಉತ್ತರಕ್ಕೆ, ಬಂದರು ಬಂದು ಮೆರೆದು ಮುಗಿದುಹೋದ ಊರೊಂದಿದೆ. ಅದರ ಹೆಸರು ಬೇಲೆಕೇರಿ. ಮುಂದಿನ ಲೆಕ್ಕ ಹಾಕೋ ಮೊದಲು ಹಿಂದಿನ ಲೆಕ್ಕ ತೆಗೆದು ನೋಡೋದು ವ್ಯಾಪಾರಸ್ಥರ ಪದ್ಧತಿ. ಬೇಲೆಕೇರಿ ವಿಷಯದಲ್ಲಿ ಆ ಕೆಲಸ ಯಾರೂ ಸರಿಯಾಗಿ ಮಾಡಿಲ್ಲ.

ಬೇಲೆ ಅಂದರೆ ಕಡಲಂಚು. ಹೆಸರೇ ಹೇಳುವಂತೆ ಇದು ಮರಳ ದಂಡೆಯ ಮೇಲಿನ ಕೇರಿ. ಕೊಲ್ಲಿಯ ಆಕಾರದಲ್ಲಿ ಕಡಲು ಒಳಗೆ ಬಾಗಿದೆ, ಗುಡ್ಡ ಗಾಳಿಗೆ ಅಡ್ಡ ನಿಂತಿದೆ. ಹಾಯಿ ಕಟ್ಟಿದ ಮಚವೆಗಳ ಕಾಲದಲ್ಲಿ ಇಂಥ ಜಾಗ ಸಿಕ್ಕರೆ ಅದೇ ಬಂದರು. ಹೆಂಚು, ಉಪ್ಪು, ಅಕ್ಕಿ, ಕಟ್ಟಿಗೆ, ಒಣಮೀನು ಇವೆಲ್ಲ ಕರಾವಳಿಯ ಒಂದೂರಿಂದ ಇನ್ನೊಂದೂರಿಗೆ ರಸ್ತೆಯಲ್ಲಿ ಹೋಗ್ತಿರಲಿಲ್ಲ, ನೀರಿನಲ್ಲೇ ಹೋಗ್ತಿದ್ದವು. ನದಿಗಳಿಗೆ ಸೇತುವೆ ಇರಲಿಲ್ಲ, ಹಡಗೇ ಬಸ್ಸು, ಹಡಗೇ ಲಾರಿ.

ಧಾರವಾಡ ಸೀಮೆಯ ಹತ್ತಿಯಿಂದ ಈ ಕರಾವಳಿಯ ಬಂದರುಗಳ ಹಣೆಬರಹ ಬದಲಾಯ್ತು. ಮೊದಲು ಹತ್ತಿ ಹೆಚ್ಚಾಗಿ ಕುಮಟಾಕ್ಕೆ ಇಳಿದು ಅಲ್ಲಿಂದ ಮುಂಬೈಗೆ ಹೋಗ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರೋದು ನಿಂತು, ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನ ಆಸೆಯೂ ಇತ್ತು. ಕಾರವಾರ ಬೆಳೀತು, ಕುಮಟಾ ಹಿಂದೆ ಬಿತ್ತು, ನಡುವಿನ ಬೇಲೆಕೇರಿ ಸಣ್ಣದಾಗಿಯೇ ಉಳೀತು. ಯುದ್ಧ ಮುಗಿದ ಮೇಲೆ ಹತ್ತಿ ಬೆಲೆ ಬಿತ್ತು. ಮುಂದೆ ರೈಲು ಧಾರವಾಡದ ಸರಕನ್ನು ಮರ್ಮಗೋವಾ ಕಡೆ ಎಳೆದುಕೊಂಡು ಹೋಯ್ತು. ಹೊರಗಿನ ಯಾವುದೋ ದೇಶದ ಬೇಡಿಕೆಯಿಂದ ಏರಿ, ಆ ಬೇಡಿಕೆ ಇಳಿದಾಗ ಕುಸಿಯೋದು ಈ ದಂಡೆಗೆ 2010ರಲ್ಲಿ ಮೊದಲ ಸಲ ಆದದ್ದೇನಲ್ಲ.

1930ರ ಏಪ್ರಿಲ್‌ನಲ್ಲಿ ಅಂಕೋಲಾದ ದಂಡೆಯಲ್ಲಿ ಉಪ್ಪಿನ ಕಾನೂನು ಮುರಿದದ್ದು, ಆಮೇಲೆ ಕರನಿರಾಕರಣೆಯಲ್ಲಿ ರೈತರು ಜಮೀನು ಕಳೆದುಕೊಂಡದ್ದು ಎಲ್ಲರಿಗೂ ಗೊತ್ತಿರೋ ಕಥೆ. ಇಲ್ಲಿ ಅದನ್ನು ನೆನಪಿಸೋದಕ್ಕೆ ಒಂದೇ ಕಾರಣ. ಈ ತಾಲೂಕಿನವರಿಗೆ ಸರಕಾರದ ಎದುರು ಕೂತು ಮಾತಾಡೋದು ಹೊಸದಲ್ಲ.

ಲಾರಿಗಳ ಐದಾರು ವರ್ಷ

ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿ ದಾಟಿ ಬರೋ ಹಳೆಯ 63ನೇ ನಂಬರಿನ ಹೆದ್ದಾರಿ ಅರಬೈಲ್ ಘಾಟ್ ಇಳಿದು ಬಂದು ಮುಗಿಯೋದೇ ಅಂಕೋಲಾದಲ್ಲಿ. ಅದಿರಿನ ಗುಡ್ಡ ಒಂದು ತುದಿಯಲ್ಲಿ, ಕಡಲು ಇನ್ನೊಂದು ತುದಿಯಲ್ಲಿ. ಚೀನಾದಲ್ಲಿ ಉಕ್ಕಿನ ಕಾರ್ಖಾನೆಗಳು ಎದ್ದು, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಕಟ್ಟಡಗಳು ಏಳ್ತಿದ್ದ ಕಾಲದಲ್ಲಿ ಕಬ್ಬಿಣದ ಅದಿರಿನ ಬೆಲೆ ಮೇಲೇರಿತು. ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಘಾಟ್ ಇಳಿದವು.

ಬೇಲೆಕೇರಿಯಲ್ಲಿ ದೊಡ್ಡ ಹಡಗು ದಂಡೆಗೆ ಬರೋದಿಲ್ಲ, ನೀರು ಅಷ್ಟು ಆಳ ಇಲ್ಲ. ಹಡಗು ದೂರದಲ್ಲಿ ಲಂಗರು ಹಾಕಿ ನಿಲ್ತದೆ. ದಂಡೆಯಲ್ಲಿ ರಾಶಿ ಹಾಕಿದ ಅದಿರನ್ನು ಬಾರ್ಜ್‌ಗೆ ತುಂಬಿ, ಬಾರ್ಜ್ ಹೋಗಿ ಹಡಗಿಗೆ ಸುರೀಬೇಕು. ಮಳೆಗಾಲದಲ್ಲಿ ಅಲೆ ಎದ್ದರೆ ಆ ಕೆಲಸ ಬಂದ್. ಹಾಗಾಗಿ ಸಿಗೋ ಎಂಟೊಂಬತ್ತು ತಿಂಗಳಲ್ಲೇ ಎಲ್ಲ ಮುಗಿಸೋ ಅವಸರ. ರಾತ್ರಿ ಹಗಲು ಲಾರಿ, ಕೆಂಪು ಧೂಳು, ಹೆದ್ದಾರಿಯಲ್ಲಿ ಜಾಮ್. ಆ ದಿನಗಳಲ್ಲಿ ರಸ್ತೆ ಪಕ್ಕದ ಮನೆಯವರು ಅಂಗಳದಲ್ಲಿ ಬಟ್ಟೆ ಒಣಗಿಸೋದಕ್ಕೂ ಯೋಚನೆ ಮಾಡಬೇಕಿತ್ತು.

ವ್ಯಾಪಾರ ಆಯ್ತು, ಆಗಲಿಲ್ಲ ಅನ್ನೋದು ಸುಳ್ಳು. ಡೀಸೆಲ್ ಬಂಕ್, ಟೈರ್ ಅಂಗಡಿ, ಪಂಕ್ಚರ್, ಗ್ಯಾರೇಜು, ಢಾಬಾ, ಲಾಡ್ಜ್, ಇವರಿಗೆಲ್ಲ ಕೈತುಂಬ ಕೆಲಸ. ದಂಡೆಯ ಹತ್ತಿರ ಗದ್ದೆ ಇದ್ದವರಿಗೆ ಅದಿರು ರಾಶಿ ಹಾಕೋದಕ್ಕೆ ಬಾಡಿಗೆ. ಕೆಲವರು ಸಾಲ ಮಾಡಿ ಟಿಪ್ಪರ್ ತಗೊಂಡರು. ಸಾಲದ ಕಂತು ಅದಿರಿನ ಲೆಕ್ಕದಲ್ಲೇ ಕಟ್ಟಿದ್ದು, ಅದಿರು ನಿಂತರೆ ಕಂತು ನಿಲ್ಲೋದಿಲ್ಲ ಅನ್ನೋದನ್ನು ಆಗ ಯಾರೂ ಯೋಚಿಸಲಿಲ್ಲ.

2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಬೇಲೆಕೇರಿಯಲ್ಲಿ ಪರವಾನಗಿ ಇಲ್ಲದ ಲಕ್ಷಾಂತರ ಟನ್ ಅದಿರನ್ನು ಜಪ್ತಿ ಮಾಡಿತು. ಕೆಲವೇ ತಿಂಗಳಲ್ಲಿ ಆ ಜಪ್ತಿ ಮಾಲಿನ ದೊಡ್ಡ ಭಾಗ ಹಡಗು ಹತ್ತಿ ಹೋಗಿದ್ದು ಗೊತ್ತಾಯ್ತು. ಸರಕಾರದ ಸೀಲು ಬಿದ್ದ ಮಾಲು, ಕಾವಲು ಇದ್ದ ಜಾಗ, ಲಕ್ಷಾಂತರ ಟನ್ನು. ಜೇಬಿನಲ್ಲಿ ಇಟ್ಟುಕೊಂಡು ಹೋಗೋ ವಸ್ತುವೇ ಅದು? ಜಪ್ತಿ ಮಾಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡೋದಕ್ಕೆ ಹೊರಟಾಗ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆ ಆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ವಾಪಸ್ ಪಡೆದರು. ಅಲ್ಲಿಯವರೆಗೆ ಜಿಲ್ಲೆಯ ಹೊರಗೆ ಯಾರಿಗೂ ಗೊತ್ತಿಲ್ಲದ ಬೇಲೆಕೇರಿ ಹೆಸರು ದಿಲ್ಲಿ ಟಿವಿಯಲ್ಲಿ ಬಂತು.

2010ರ ಜುಲೈನಲ್ಲಿ ರಾಜ್ಯ ಸರಕಾರ 10 ಸಣ್ಣ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 27ಕ್ಕೆ ಲೋಕಾಯುಕ್ತರ ವರದಿ ಬಂತು, ನಾಲ್ಕು ದಿನದಲ್ಲಿ ಮುಖ್ಯಮಂತ್ರಿ ಕುರ್ಚಿ ಹೋಯ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಬೇಲೆಕೇರಿ ಪ್ರಕರಣವನ್ನು ಸಿಬಿಐಗೆ ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಈ ಕ್ಷೇತ್ರದ ಶಾಸಕರೂ ಸೇರಿ ಕೆಲವರಿಗೆ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಜಪ್ತಿಯಿಂದ ಮೊದಲ ತೀರ್ಪಿಗೆ ಹದಿನಾಲ್ಕು ವರ್ಷ ಹಿಡೀತು. ಹೋಗದೆ ಉಳಿದ ಅದಿರು ವರ್ಷಗಟ್ಟಲೆ ಬಂದರಿನ ಆವರಣದಲ್ಲೇ ಬಿದ್ದು ಮಳೆ ನೀರಿಗೆ ಹರಿದುಹೋಗ್ತಾ ಇತ್ತು.

ಇಷ್ಟು ಪೇಪರ್ ಓದಿದವರಿಗೆ ಗೊತ್ತು. ಯಾರು ತಪ್ಪಿತಸ್ಥರು ಅನ್ನೋದು ಕೋರ್ಟಿನ ಕೆಲಸ. ಅದನ್ನು ಬಿಟ್ಟು ಬೇರೆ ಒಂದು ಪ್ರಶ್ನೆ ಇದೆ. ಅದಿರು ಸಕ್ರಮವಾಗಿಯೇ ಹೋಗಿದ್ದರೂ ಬೇಲೆಕೇರಿಗೆ ಏನು ಸಿಗ್ತಿತ್ತು?

ರಾಯಧನ ಗುಡ್ಡಕ್ಕೆ, ಧೂಳು ದಂಡೆಗೆ

ಈ ಪ್ರಶ್ನೆಗೆ ಉತ್ತರ ಕಾಯ್ದೆಯಲ್ಲೇ ಇದೆ. ಅದಿರು ತೆಗೆದಿದ್ದಕ್ಕೆ ರಾಯಧನ ಬೀಳೋದು ಗಣಿಯ ಹತ್ತಿರ, ಹೋಗೋದು ರಾಜ್ಯದ ಖಜಾನೆಗೆ. ಬಂದರಿನ ಶುಲ್ಕ ಬಂದರು ಇಲಾಖೆಗೆ. ರಫ್ತಿನ ಸುಂಕ ಕೇಂದ್ರಕ್ಕೆ. ಊರಿನ ಗ್ರಾಮ ಪಂಚಾಯತಿಗೆ ಬರೋದು ಕಟ್ಟಡ ತೆರಿಗೆ, ಅಂಗಡಿ ಲೈಸೆನ್ಸಿನ ಚಿಲ್ಲರೆ. ಅದಿರಿನ ರಾಶಿಗೆ ಗೋಡೆ, ಮಾಡು ಯಾವುದೂ ಇಲ್ಲ. ಲಕ್ಷ ಟನ್ ಬಿದ್ದರೂ ಅದು ಕಟ್ಟಡ ಅಲ್ಲ.

2015ರಲ್ಲಿ ಗಣಿ ಕಾಯ್ದೆ ತಿದ್ದುಪಡಿ ಆಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಬಂತು. ಗಣಿಯಿಂದ ತೊಂದರೆಯಾದ ಊರಿಗೆ ಗಣಿಯವರೇ ದುಡ್ಡು ಕೊಡಬೇಕು ಅನ್ನೋ ವ್ಯವಸ್ಥೆ. ಬಳ್ಳಾರಿ ಕಡೆ ಅದರಿಂದ ಶಾಲೆ, ಆಸ್ಪತ್ರೆ, ರಸ್ತೆ ಕೆಲಸ ಆಗ್ತಾ ಇದೆ. ಒಳ್ಳೆಯದು. ಆದರೆ ಗಣಿಯ ಮಾಲನ್ನು ರಾಶಿ ಹಾಕಿಸಿಕೊಂಡ ಬಂದರಿನ ಊರಿಗೆ ಅಂಥದ್ದೊಂದು ನಿಧಿ ಇಲ್ಲ. ಸಂಡೂರಿನ ಧೂಳಿಗೆ ಲೆಕ್ಕ ಇದೆ, ಬೇಲೆಕೇರಿಯ ಧೂಳಿಗೆ ಇಲ್ಲ.

ಕಂಪನಿಗಳ ಸಿಎಸ್‌ಆರ್ ದುಡ್ಡು ಬರ್ತದಲ್ಲ ಅನ್ನೋರಿದ್ದಾರೆ. ಅದು 2013ರ ಕಂಪನಿ ಕಾಯ್ದೆಯಿಂದ ಬಂದದ್ದು, ಬೇಲೆಕೇರಿ ಅದಿರಿನ ಕಾಲಕ್ಕೆ ಇರಲೇ ಇಲ್ಲ. ಈಗ ಇರೋದೂ ಲಾಭದ ಮೇಲೆ ಶೇ 2, ಅದೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಮೇಲೆ. ಬಂದರು ಕಟ್ಟೋದಕ್ಕಂತ ಹೊಸದಾಗಿ ಹುಟ್ಟಿದ ಕಂಪನಿ ಮೊದಲ ವರ್ಷಗಳಲ್ಲಿ ಸಾಲ, ಬಡ್ಡಿ ತೀರಿಸ್ತಾ ಇರ್ತದೆ, ಲಾಭ ತೋರಿಸೋದಿಲ್ಲ. ಧೂಳು, ಲಾರಿ, ಡ್ರೆಜಿಂಗ್ ಎಲ್ಲ ಮೊದಲ ವರ್ಷಗಳಲ್ಲೇ ಜಾಸ್ತಿ. ತೊಂದರೆ ಮೊದಲು, ಶೇ 2 ಆಮೇಲೆ.

ಮೀನುಗಾರಿಕೆ ಊರಿಗೆ ಬೇಕಾದ ಸೌಲಭ್ಯಗಳ ಪಟ್ಟಿ ದೊಡ್ಡದೇನಲ್ಲ. ಬೋಟು ತಾಗಿಸೋದಕ್ಕೆ ಗಟ್ಟಿ ಧಕ್ಕೆ, ಹೂಳು ತೆಗೆದು ಆಳ ಕಾಪಾಡೋದು, ಹರಾಜಿಗೆ ಮಾಡು, ಮಂಜುಗಡ್ಡೆ, ಡೀಸೆಲ್, ರಾತ್ರಿ ಬೆಳಕು, ಕುಡಿಯೋ ನೀರು, ಬಲೆ ಹೊಲಿಯೋದಕ್ಕೆ ನೆರಳು. ಬುಟ್ಟಿ ಹೊತ್ತು ಬರೋ ಹೆಂಗಸರಿಗೆ ಒಂದು ಶೌಚಾಲಯ. ಮೀನು ಇಳಿಸೋದರಿಂದ ಹಿಡಿದು ಒಣಗಿಸಿ ಮಾರೋವರೆಗೆ ಅರ್ಧ ಕೆಲಸ ಹೆಂಗಸರದ್ದೇ, ಆದರೆ ಎಲ್ಲ ಬಂದರಿನ ನಕ್ಷೆಯಲ್ಲೂ ಈ ಶೌಚಾಲಯ ಕೊನೆಗೆ ನೆನಪಾಗೋದು. ಇಡೀ ಪಟ್ಟಿಗೆ ಆಗೋ ಖರ್ಚು, ಒಂದು ಹಡಗಿನಲ್ಲಿ ಹೋದ ಅದಿರಿನ ಬೆಲೆಯ ಮುಂದೆ ಏನೂ ಅಲ್ಲ. ಅಷ್ಟು ಹಡಗು ಹೋದವು, ಆದರೂ ಈ ಪಟ್ಟಿಯನ್ನು ಇವತ್ತಿಗೂ ಮೀನುಗಾರಿಕೆ ಇಲಾಖೆಯ ಅನುದಾನದಲ್ಲೇ, ಮನವಿ ಮೇಲೆ ಮನವಿ ಕೊಟ್ಟು ಕೇಳಬೇಕು.

ಆಸ್ಪತ್ರೆಯ ಮಾತು ಬೇರೆ. ಬೇಲೆಕೇರಿಯವರು ಜ್ವರಕ್ಕೆ ಅಂಕೋಲಾಕ್ಕೆ ಬರ್ತಾರೆ, ಅಂಕೋಲಾದವರು ಹೃದಯಾಘಾತಕ್ಕೆ, ತಲೆಗೆ ಪೆಟ್ಟಾದರೆ ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ, ಗೋವಾಕ್ಕೋ ಓಡ್ತಾರೆ. 2022ರ ಜುಲೈನಲ್ಲಿ ಬೈಂದೂರಿನ ಶಿರೂರು ಟೋಲ್‌ನಲ್ಲಿ ಆಂಬುಲೆನ್ಸ್ ಪಲ್ಟಿಯಾದ ವಿಡಿಯೋ ನೋಡಿ ಇಡೀ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎದ್ದಿತು. ಅಣುಸ್ಥಾವರ ಕೊಟ್ಟ, ನೌಕಾನೆಲೆ ಕೊಟ್ಟ, ಡ್ಯಾಮ್‌ಗಳನ್ನು ಕೊಟ್ಟ ಜಿಲ್ಲೆ ಇದು.

ಈಗ ಕೇಣಿ

2023ರ ನವೆಂಬರ್‌ನಲ್ಲಿ ಕೇಣಿ ಬಂದರಿನ ಗುತ್ತಿಗೆ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಸಿಕ್ಕಿತು. ಅಂದಾಜು ಖರ್ಚು 4,119 ಕೋಟಿ ರೂಪಾಯಿ. ಶುರುವಿಗೆ ವರ್ಷಕ್ಕೆ 3 ಕೋಟಿ ಟನ್ ಸರಕಿನ ಸಾಮರ್ಥ್ಯ. ಮರ್ಮಗೋವಾ ಮತ್ತು ನವಮಂಗಳೂರು ಬಂದರುಗಳ ನಡುವೆ, ಬಳ್ಳಾರಿ ಭಾಗದ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ತರೋದಕ್ಕೆ, ಅದಿರು ಉಕ್ಕು ಕಳಿಸೋದಕ್ಕೆ ಅನುಕೂಲ ಅನ್ನೋದು ಯೋಜನೆಯ ಹಿಂದಿನ ವಿಚಾರ. ಬೇಲೆಕೇರಿಯಲ್ಲಿ ಇದ್ದಂತೆ ಬಾರ್ಜಿನ ಕೆಲಸ ಇಲ್ಲಿಲ್ಲ. ಆಳ ಮಾಡಿ, ಅಲೆತಡೆ ಕಟ್ಟಿ, ದೊಡ್ಡ ಹಡಗನ್ನೇ ಧಕ್ಕೆಗೆ ತರೋ ಬಂದರು.

2025ರ ಫೆಬ್ರುವರಿಯಲ್ಲಿ ಕಡಲಿನಲ್ಲಿ ಸಮೀಕ್ಷೆ ಶುರುವಾದಾಗ ಮೀನುಗಾರರು ಬೀದಿಗೆ ಬಂದರು, ನೀರಿಗೂ ಇಳಿದರು. ನಿಷೇಧಾಜ್ಞೆ ಬಿತ್ತು, ಪೊಲೀಸರು ತುಂಬಿದರು. ಆಗಸ್ಟ್‌ನಲ್ಲಿ ಅಂಕೋಲಾದಲ್ಲಿ ಪರಿಸರ ಸಾರ್ವಜನಿಕ ಅಹವಾಲು ಸಭೆ ನಡೆದಾಗ ಬೇಡ ಅನ್ನೋ ದನಿಯೇ ಜೋರಾಗಿತ್ತು. 2020ರ ಜನವರಿಯಲ್ಲಿ ಕಾರವಾರದಲ್ಲಿ ಸಾಗರಮಾಲಾ ಬಂದರು ವಿಸ್ತರಣೆಗೆ ಎದುರಾಗಿ ಪೇಟೆ ಬಂದ್ ಆದದ್ದು, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ವರ್ಷಗಟ್ಟಲೆ ಹೋರಾಟ ನಡೆದದ್ದು, ಇವೆಲ್ಲ ಒಂದೇ ದಾರದ ಮಣಿಗಳು. ಹೊರಗಿನವರು ಕೂತು ಇವರಿಗೆ ಅಭಿವೃದ್ಧಿ ಬೇಡ ಅಂತಾರೆ. ಸೀಬರ್ಡ್ ನೆನಪು ಇಲ್ಲದವರು ಮಾತ್ರ ಹಾಗನ್ನೋದು ಸಾಧ್ಯ. 1986ರಲ್ಲಿ ಅಡಿಗಲ್ಲು ಬಿದ್ದು, 2005ರಲ್ಲಿ ನೌಕಾನೆಲೆ ಶುರುವಾಗೋ ಹೊತ್ತಿಗೆ ಕಾರವಾರ ಅಂಕೋಲಾ ನಡುವಿನ ಸಾವಿರಾರು ಕುಟುಂಬ ಎದ್ದು ಹೋಗಬೇಕಾಯ್ತು. ಕಡಲ ಮಕ್ಕಳಲ್ಲಿ ಹಲವರು ಬಂದು ನೆಲೆಸಿದ್ದು ಹಾರವಾಡ, ಬೇಲೆಕೇರಿ ಕಡೆಗೆ. ಜಮೀನಿನ ಪರಿಹಾರದ ಹೆಚ್ಚುವರಿ ದುಡ್ಡಿಗೆ ದಶಕಗಳ ಕಾಲ ಕೋರ್ಟು ಅಲೆದರು. ಈಗ ಅಲಗೇರಿ ವಿಮಾನ ನಿಲ್ದಾಣಕ್ಕೂ ಇದೇ ಅಲಗೇರಿ, ಬೇಲೆಕೇರಿ, ಭಾವಿಕೇರಿ ಭಾಗದ ನೆಲ. ಒಂದು ಸಲ ಎದ್ದು ಬಂದವನಿಗೆ ಮತ್ತೆ ಏಳು ಅಂದರೆ ಅವನು ಅಭಿವೃದ್ಧಿಯ ಅರ್ಥ ಕೇಳ್ತಾನೆ, ತಪ್ಪೇನು?

ಜಮೀನಿಗಾದರೂ ಪಹಣಿ ಇದೆ. ಕಡಲಿಗೆ ಪಹಣಿ ಇಲ್ಲ. ಎಲ್ಲ ಪರಿಹಾರದ ಜಗಳದ ಬೇರು ಇಲ್ಲಿದೆ. ಗದ್ದೆ ಹೋದರೆ ಇಷ್ಟು ಗುಂಟೆ ಅಂತ ಅಳೀಬಹುದು. ರಂಪಣಿ ಎಳೆಯೋ ಜಾಗ ಹೋದರೆ, ಸಣ್ಣ ದೋಣಿಯವನು ಬೆಳಿಗ್ಗೆ ಹೋಗಿ ಹತ್ತು ಗಂಟೆಗೆ ವಾಪಸ್ ಬರೋ ನೀರು ಹೋದರೆ, ಬೆಳಚು ಆರಿಸೋ ಮರಳು ಹೋದರೆ ಯಾವ ಸರ್ವೆ ನಂಬರ್ ತೋರಿಸೋದು? ದೊಡ್ಡ ಟ್ರಾಲರ್ ಇದ್ದವರು ಬೇರೆ ಬಂದರಿಗೆ ಹೋಗಬಹುದು. ಪಾತಿ ದೋಣಿಯವನ ಕಡಲು ಅವನ ಮನೆ ಎದುರಿನ ಕಡಲೇ. ಅಲೆತಡೆ ಕಟ್ಟಿದರೆ ಮರಳು ಒಂದು ಕಡೆ ಕೂಡ್ತದೆ, ಇನ್ನೊಂದು ಕಡೆ ಕೊರೀತದೆ. ಕರಾವಳಿಯಲ್ಲಿ ಇದನ್ನು ಹೇಳಿಕೊಡೋದಕ್ಕೆ ಇಂಜಿನಿಯರ್ ಬೇಕಿಲ್ಲ, ಉಳ್ಳಾಲದವರನ್ನು ಕೇಳಿದರೆ ಸಾಕು.

ಬೇಕು ಅನ್ನೋರ ವಾದವನ್ನು ಹಗುರ ಮಾಡಬಾರದು. ತಾಲೂಕಿನಲ್ಲಿ ಡಿಗ್ರಿ ಮುಗಿಸಿದವರಿಗೆ ಕೆಲಸ ಎಲ್ಲಿದೆ? ಗೋವಾದ ಹೋಟೆಲ್ಲು, ಕಂಪನಿ, ಬೋಟುಗಳಲ್ಲಿ ದುಡಿಯೋರಲ್ಲಿ ಈ ಜಿಲ್ಲೆಯವರು ಎಷ್ಟೋ ಜನ. ಬಂದರು ಬಂದರೆ ಮನೆ ಹತ್ತಿರ ದುಡಿಮೆ ಅನ್ನೋ ಆಸೆ ಸಹಜ. ಆದರೆ ಕಲ್ಲಿದ್ದಲು, ಅದಿರಿನಂಥ ಸರಕಿನ ಬಂದರು ಈಗ ಕೈಯಲ್ಲಿ ನಡೆಯೋದಲ್ಲ. ಕನ್ವೇಯರ್ ಬೆಲ್ಟ್, ಕ್ರೇನು, ಕಂಪ್ಯೂಟರ್ ಮೇಲೆ ನಡೀತದೆ. ಕಟ್ಟೋ ಮೂರ್ನಾಲ್ಕು ವರ್ಷ ಕೂಲಿ ಸಿಗ್ತದೆ, ಅದಕ್ಕೂ ಹೊರಗಿನ ಗುತ್ತಿಗೆದಾರರ ಜನ ಬರ್ತಾರೆ. ಕಟ್ಟಿದ ಮೇಲೆ ಬೇಕಾಗೋದು ಡಿಪ್ಲೊಮಾ ಆದ ಕ್ರೇನ್ ಆಪರೇಟರ್, ಮೆಕ್ಯಾನಿಕ್, ಎಲೆಕ್ಟ್ರಿಷಿಯನ್. ಕೆಲಸದ ಮಾತು ನಿಜವಾಗಿದ್ದರೆ ಆ ತರಬೇತಿ ಬಂದರಿಗಿಂತ ಮೊದಲು ಶುರುವಾಗಬೇಕು. ಇಷ್ಟು ಜನರಿಗೆ ಉದ್ಯೋಗ ಅಂತ ವೇದಿಕೆಯಲ್ಲಿ ಹೇಳೋ ಸಂಖ್ಯೆಯನ್ನು, ಯಾವ ಹುದ್ದೆ, ಎಷ್ಟು ವರ್ಷ, ಯಾರ ಪಗಾರ ಪಟ್ಟಿಯಲ್ಲಿ ಅಂತ ಬಿಡಿಸಿ ಕೇಳಬೇಕು.

ಅಂಗಡಿಕಾರರಿಗೆ ಲಾಭ ಎಲ್ಲಿಂದ?

ಅಂಕೋಲಾ ಪೇಟೆಯ ವ್ಯಾಪಾರಸ್ಥರಲ್ಲಿ ಎರಡು ಮನಸ್ಸಿದೆ. ಅದಕ್ಕೆ ಕಾರಣವೂ ಇದೆ, ಬೇಲೆಕೇರಿ ಕಾಲದಲ್ಲಿ ಗಲ್ಲಾಪೆಟ್ಟಿಗೆ ತುಂಬಿದ್ದನ್ನು ನೋಡಿದವರು ಇನ್ನೂ ಅಂಗಡಿಯಲ್ಲಿ ಕೂತಿದ್ದಾರೆ. ಆದರೆ ಅದು ಲಾರಿಯ ವ್ಯಾಪಾರ. ಲಾರಿ ನಿಂತಲ್ಲಿ ಮಾತ್ರ ದುಡ್ಡು ಬೀಳ್ತಿತ್ತು. ಹೊಸ ಬಂದರಿನ ಲಾರಿ ಪೇಟೆಯೊಳಗೆ ನಿಲ್ಲೋದಿಲ್ಲ, ಚತುಷ್ಪಥದ ಮೇಲೆ ಹೋಗ್ತದೆ, ಬಂದರಿನ ಗೇಟಿನ ಒಳಗೇ ಪಾರ್ಕಿಂಗ್, ಕ್ಯಾಂಟೀನ್, ಬಂಕ್ ಇರ್ತವೆ. ರೈಲಿನಲ್ಲಿ ಹೋಗೋ ಸರಕಿನಿಂದ ಪೇಟೆಗೆ ಒಂದು ಚಹಾದ ವ್ಯಾಪಾರವೂ ಇಲ್ಲ.

ಮೀನಿನ ದುಡ್ಡು ಹಾಗಲ್ಲ. ಬಂಗಡೆ, ತಾರ್ಲೆ ಸಿಕ್ಕ ದಿನ ಸಾಯಂಕಾಲಕ್ಕೆ ಆ ದುಡ್ಡು ಕಿರಾಣಿ ಅಂಗಡಿಗೆ ಬರ್ತದೆ. ಅಕ್ಕಿ, ಎಣ್ಣೆ, ಮಕ್ಕಳ ಪುಸ್ತಕ, ಮೊಬೈಲ್ ರೀಚಾರ್ಜ್. ಶೆಟ್ಲಿ ಸೀಸನ್ ಚೆನ್ನಾದರೆ ಬಟ್ಟೆ ಅಂಗಡಿ, ಬಂಗಾರದ ಅಂಗಡಿಗೂ ಗೊತ್ತಾಗ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಆಗ ಅಂಗಡಿಯವನ ಉದ್ರಿ ಪುಸ್ತಕ ದಪ್ಪ ಆಗ್ತದೆ. ಕಡಲಿಗೆ ತೆಂಗಿನಕಾಯಿ ಬಿಟ್ಟು ಬೋಟು ಹೊರಟ ಮೇಲೆ, ಚೌತಿಯೊಳಗೆ ಸ್ವಲ್ಪ, ದೀಪಾವಳಿಯೊಳಗೆ ಉಳಿದದ್ದು ತೀರ್ತದೆ. ಆ ಪುಸ್ತಕಕ್ಕೆ ಜಾಮೀನು ಇಲ್ಲ, ಸಹಿ ಇಲ್ಲ. ಜಾಮೀನು ಅಂದರೆ ಕಡಲಲ್ಲಿ ಮೀನು ಸಿಗ್ತದೆ ಅನ್ನೋ ನಂಬಿಕೆ ಒಂದೇ. ಆ ನಂಬಿಕೆ ಹೋದರೆ ಬ್ಯಾಂಕು ಮುಳುಗೋದಿಲ್ಲ, ಕಿರಾಣಿ ಅಂಗಡಿ ಮುಳುಗ್ತದೆ. ಪರಿಸರ ವರದಿಯಲ್ಲಿ ಮೀನುಗಾರರ ಕುಟುಂಬ ಎಣಿಸ್ತಾರೆ, ಉದ್ರಿ ಕೊಟ್ಟವನನ್ನು ಎಣಿಸೋದಿಲ್ಲ. ಮಂಜುಗಡ್ಡೆ ಮಾರೋನು, ಮೀನು ಟೆಂಪೋದವನು, ಒಣಮೀನಿನ ವ್ಯಾಪಾರಿ, ಬಲೆ ಅಂಗಡಿಯವನು ಯಾರೂ ಆ ಪಟ್ಟಿಯಲ್ಲಿ ಬರೋದಿಲ್ಲ.

ರೈಲು ಎಲ್ಲಿದೆ?

ಇನ್ನೊಂದು ವಿಷಯಕ್ಕೆ ಸಾಲದಷ್ಟು ಗಮನ ಸಿಕ್ಕಿದೆ. ವರ್ಷಕ್ಕೆ 3 ಕೋಟಿ ಟನ್ ಅಂದರೆ ದಿನಕ್ಕೆ 82 ಸಾವಿರ ಟನ್. ಇಷ್ಟು ಸರಕು ಘಟ್ಟ ಹತ್ತೋದು ಹೇಗೆ? ಹುಬ್ಬಳ್ಳಿ ಅಂಕೋಲಾ ರೈಲಿನ ಮಾತು ಶುರುವಾಗಿ ಕಾಲು ಶತಮಾನ ದಾಟಿತು, ಕಾಡು ಮತ್ತು ವನ್ಯಜೀವಿ ತಕರಾರಿನಲ್ಲಿ ನಿಂತಿದೆ. ಆ ಹಳಿ ಇಲ್ಲದಿದ್ದರೆ ಸರಕು ಕೊಂಕಣ ರೈಲಿನಲ್ಲಿ ಮಡಗಾಂವ್‌ವರೆಗೆ ಹೋಗಿ ಕ್ಯಾಸಲ್‌ರಾಕ್ ಘಾಟ್ ಹತ್ತಬೇಕು. ಅದು ಮೊದಲೇ ಇಕ್ಕಟ್ಟಿನ ಮಾರ್ಗ. ಉಳಿದದ್ದು ರಸ್ತೆ. ಇಡೀ ಸರಕಿನ ಕಾಲು ಭಾಗ ರಸ್ತೆಗೆ ಬಂತು ಅಂತಲೇ ಇಟ್ಟುಕೊಳ್ಳಿ, ಒಂದು ಲಾರಿಗೆ 25 ಟನ್ ಹಿಡಿದರೂ ದಿನಕ್ಕೆ 800ಕ್ಕಿಂತ ಹೆಚ್ಚು ಲೋಡು. ಖಾಲಿ ವಾಪಸ್ ಹೋಗೋದನ್ನು ಸೇರಿಸಿದರೆ 1,600. ನಿಮಿಷಕ್ಕೆ ಒಂದು ಲಾರಿಗಿಂತ ಜಾಸ್ತಿ, ಹಗಲು ರಾತ್ರಿ, ಅರಬೈಲ್ ಘಾಟಿನಲ್ಲಿ.

ಆ ಘಾಟು ಹೇಗಿದೆ ಅಂತ ದಿನಾ ಓಡಾಡೋರಿಗೆ ಗೊತ್ತು. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ಭಾಗದ ಗುಡ್ಡ ಕುಸಿದವು. 2025ರ ಜನವರಿಯಲ್ಲಿ ಗುಳ್ಳಾಪುರದ ಹತ್ತಿರ ಕುಮಟಾ ಸಂತೆಗೆ ಬರ್ತಿದ್ದ ತರಕಾರಿ ಲಾರಿ ಉರುಳಿ ಸವಣೂರು ಕಡೆಯ 10 ಜನ ಹೋದರು. 2024ರ ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಗಂಗಾವಳಿಗೆ ಬಂದು ಬಿದ್ದದ್ದನ್ನು ಮರೆಯೋ ಹಾಗಿಲ್ಲ. ಆಗ ಹೆದ್ದಾರಿ ಬಂದ್ ಆದಾಗ ಅಂಕೋಲಾ ಕುಮಟಾ ನಡುವಿನ ವ್ಯಾಪಾರ ಏನಾಯ್ತು ಅನ್ನೋದು ಅಂಗಡಿಯವರಿಗೇ ಚೆನ್ನಾಗಿ ನೆನಪಿದೆ. ಬಂದರಿನ ಅನುಮತಿ ಮತ್ತು ರೈಲು, ರಸ್ತೆಯ ಅನುಮತಿ ಬೇರೆ ಬೇರೆ ಕಡತಗಳಲ್ಲಿ, ಬೇರೆ ಬೇರೆ ಮೇಜಿನ ಮೇಲಿರೋದು ದಿಲ್ಲಿಯವರಿಗೆ ಸರಿ ಕಾಣಬಹುದು. ಘಾಟಿನ ಕೆಳಗೆ ಕೂತವರಿಗೆ ಅದು ಒಂದೇ ಕಡತ.

ಬರೆದುಕೊಟ್ಟದ್ದು ಮಾತ್ರ

ಬೇಲೆಕೇರಿಯಲ್ಲಿ ಯಾರೂ ಏನನ್ನೂ ಬರೆಸಿಕೊಳ್ಳಲಿಲ್ಲ. ಅದಿರು ಬಂತು, ಜಾಗ ಕೊಟ್ಟರು, ಬಾಡಿಗೆ ತಗೊಂಡರು, ಮುಗೀತು. ಊರಿನ ಹೆಸರಿಗೆ ಒಂದು ಒಪ್ಪಂದದ ಕಾಗದವೂ ಇರಲಿಲ್ಲ. ಕೇಣಿಯಲ್ಲಿ ಆ ತಪ್ಪು ಮತ್ತೆ ಆಗಬಾರದು ಅಂದರೆ ಬಂದರು ಬೇಕು ಅನ್ನೋರು ಬೇಡ ಅನ್ನೋರಿಗಿಂತ ಹೆಚ್ಚು ಪ್ರಶ್ನೆ ಕೇಳಬೇಕು. ಲಾಭದ ಮೇಲೆ ಅಲ್ಲ, ಇಳಿಯೋ ಏರೋ ಪ್ರತಿ ಟನ್ನಿನ ಮೇಲೆ ಊರಿಗೆ ಇಷ್ಟು ಅಂತ ಇದೆಯೇ? ಆ ದುಡ್ಡು ಕೇಣಿ, ಭಾವಿಕೇರಿ, ಬೇಲೆಕೇರಿ, ಹಾರವಾಡದ ಪಂಚಾಯತಿಗಳಿಗೆ ಬರ್ತದೋ, ಕಾರವಾರದ ಕಚೇರಿಯಲ್ಲೇ ನಿಲ್ತದೋ? ಮೀನುಗಾರಿಕೆ ಧಕ್ಕೆ ಬಂದರಿಗಿಂತ ಮೊದಲೋ ಆಮೇಲೋ? ದಂಡೆ ಕೊರೆದರೆ ತಡೆಗೋಡೆ ಕಟ್ಟೋದು ಕಂಪನಿಯೋ ಸರಕಾರವೋ? ಗುತ್ತಿಗೆ ಮುಗಿದ ಮೇಲೆ, ಅಥವಾ ಬೇಡಿಕೆ ಬಿದ್ದು ಬಂದರು ನಿಂತರೆ, ಉಳಿದ ಸರಕು ತೆಗೆಯೋ ಜವಾಬ್ದಾರಿ ಯಾರದು? ಬೇಲೆಕೇರಿಯ ಅದಿರಿನ ರಾಶಿ ನೋಡಿದವರು ಕೇಳಲೇಬೇಕಾದ ಪ್ರಶ್ನೆ ಇದು.

ಅಹವಾಲು ಸಭೆ ಅಂದರೆ ಮತದಾನ ಅಲ್ಲ, ಇದನ್ನು ಹಲವರು ತಪ್ಪು ತಿಳಿದಿದ್ದಾರೆ. ಎಷ್ಟು ಜನ ಬೇಡ ಅಂದರು ಅಂತ ಕೈ ಎಣಿಸಿ ತೀರ್ಮಾನ ಮಾಡೋದಿಲ್ಲ. ವರ್ಷಕ್ಕೆ 50 ಲಕ್ಷ ಟನ್‌ಗಿಂತ ದೊಡ್ಡ ಬಂದರಿನ ಪರಿಸರ ಅನುಮತಿ ಕೇಂದ್ರ ಪರಿಸರ ಸಚಿವಾಲಯದ ಕೈಯಲ್ಲಿದೆ. ಸಭೆಯಲ್ಲಿ ಬಂದ ಪ್ರತಿ ಆಕ್ಷೇಪಕ್ಕೂ ಕಂಪನಿ ಉತ್ತರ ಕೊಡಬೇಕು, ಆ ಪ್ರಶ್ನೋತ್ತರ ಅಂತಿಮ ವರದಿಗೆ ಸೇರಬೇಕು. ಅಂದರೆ ಗಲಾಟೆಯಲ್ಲಿ ಕೂಗಿದ ಘೋಷಣೆ ಕಡತಕ್ಕೆ ಹೋಗೋದಿಲ್ಲ, ಬರೆದು ಕೊಟ್ಟ ಪ್ರಶ್ನೆ ಹೋಗ್ತದೆ. 2006ರ ಪರಿಸರ ಅಧಿಸೂಚನೆ ಪ್ರಕಾರ ಸಭೆಯ ನಡಾವಳಿಯನ್ನು ಯೋಜನೆಯ ವ್ಯಾಪ್ತಿಯ ಪಂಚಾಯತಿ ಕಚೇರಿ, ಜಿಲ್ಲಾ ಪಂಚಾಯತಿ, ಜಿಲ್ಲಾಧಿಕಾರಿ ಕಚೇರಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು. ಆಕ್ಷೇಪಗಳ ಪಟ್ಟಿ ಕನ್ನಡದಲ್ಲೂ ಇರಬೇಕು. ಮೀನು ಮಾರಿ ಬರೋವಾಗಲೋ, ಅಂಗಡಿ ಬಾಗಿಲು ಹಾಕೋ ಮುಂಚೆಯೋ ಪಂಚಾಯತಿಗೆ ಹೋಗಿ ಆ ಪ್ರತಿ ಕೇಳಬಹುದು. ಹಾಕಿಲ್ಲ ಅಂದರೆ, ಯಾಕೆ ಹಾಕಿಲ್ಲ ಅಂತ ಒಂದು ಅರ್ಜಿ ಬರೆದು ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರಬಹುದು.